ಗೊಲ್ಲಾಳಪ್ಪ ತಂದ ಜ್ಯೋತಿ

ಸೊಲ್ಲಾಪುರದ ನವಿ ಪೇಠದಲ್ಲಿ ಮಳೆ ಬಂತೆಂದರೆ ಎಲ್ಲರೂ ಓಡುತ್ತಾರೆ. ಹೊರಗೆ ಹರವಿಟ್ಟ ಚಾದರ, ಟವೆಲುಗಳನ್ನು ಬಾಚಿಕೊಂಡು ಅಂಗಡಿಯವರು ಒಳಗೆ ಓಡುತ್ತಾರೆ, ಗಿರಾಕಿಗಳು ಸಿಕ್ಕ ಕಟ್ಟೆ ಹತ್ತುತ್ತಾರೆ, ಟಾಂಗಾದವನು ಕುದುರೆಯನ್ನೂ ಬಿಟ್ಟು ಓಡುತ್ತಾನೆ. ಎಪ್ಪತ್ತರ ದಶಕ ಮುಗಿಯುತ್ತ ಬಂದ ಆ ವರ್ಷಗಳಲ್ಲಿ ಇಡೀ ಪೇಠೆಯಲ್ಲಿ ಮಳೆಗೆ ಓಡದವನು ಒಬ್ಬನೇ ಇದ್ದ. ಅವನು ಸಾತಲಿಂಗಪ್ಪನವರ ಅರಿವೆ ಅಂಗಡಿಯಲ್ಲಿ ಗಂಟು ಹೊರುವ ಗೊಲ್ಲಾಳಪ್ಪ. ತಲೆಯ ಮೇಲೆ ಅರಿವೆಯ ಗಂಟು, ಅದರ ಮೇಲೆ ಧೋ ಎಂದು ಮಳೆ. ಇವನು ಮಾತ್ರ ಬೀಗರ ಮನೆಗೆ ಹೊರಟವನ ಹಾಗೆ ಸಾವಕಾಶವಾಗಿ ಹೆಜ್ಜೆ ಹಾಕುತ್ತಿದ್ದ.

"ಅರೇ ಗೊಲ್ಲಾಳ್ಯಾ, ಲವಕರ ಬಾರೋ! ಮಾಲು ತೋಯಿಸಿ ನನ್ನ ಮನಿ ಮುಳಗಸ್ತಿ ಏನೋ? ಓಡು!" ಎಂದು ಸಾತಲಿಂಗಪ್ಪ ಗಾದಿಯ ಮೇಲಿಂದಲೇ ಹೊಯ್ಕೊಳ್ಳುತ್ತಿದ್ದರು.

"ಬಂದ್ನಿರಿ ಮಾಲಕ್ರ," ಎನ್ನುತ್ತಿದ್ದ. ಹೆಜ್ಜೆ ಮಾತ್ರ ಕೂದಲಷ್ಟೂ ಚುರುಕಾಗುತ್ತಿರಲಿಲ್ಲ.

ಬೈದು ಬೈದು ಬೇಸತ್ತು ಕೊನೆಗೆ ಮಾಲಕರೇ ಸೋತರು. ಅವನ ಗಂಟಿಗೆಂದೇ ಒಂದು ತಾಡಪತ್ರಿ ತೆಗೆದಿಟ್ಟರು. ಕಾಲು ಊನವಿರಬೇಕು ಎಂದು ಕೆಲವರು ಅಂದುಕೊಂಡರು. ಬಲಗೈಯ ಮೇಲೆ ಮಣಿಕಟ್ಟಿನಿಂದ ಮೊಳಕೈವರೆಗೆ ಇದ್ದ ಬಿಳಿ ಕಲೆಗಳನ್ನು ನೋಡಿ ಮೈಲಿಬೇನೆ ಬಂದು ಹೋಗಿರಬೇಕು ಎಂದರು. ಎರಡೂ ಸುಳ್ಳು. ಜನ್ಮದಲ್ಲಿ ಯಾರೂ ಓಡಲಾರದಷ್ಟು ದೂರವನ್ನು ಆತ ಒಂದೇ ಉಸಿರಿಗೆ ಎಂಬಂತೆ ಒಮ್ಮೆ ಓಡಿ ಮುಗಿಸಿದ್ದ. ಆಮೇಲೆ ಓಡುವುದರ ಮೇಲಿನ ಆಸೆಯೇ ಹೋಗಿತ್ತು.

ಅವನು ಬಿಟ್ಟು ಬಂದ ಊರು ಅಕ್ಕಲಕೋಟ ತಾಲೂಕಿನಲ್ಲಿ, ತಡವಳದಿಂದಲೂ ಆಚೆ. ಹೆಸರು ಬೇಡ, ಅಂಥ ಊರುಗಳು ಆ ಭಾಗದಲ್ಲಿ ಬೇಕಾದಷ್ಟಿವೆ. ಒಂದು ಜೋಡಿ ಎತ್ತಿಗೆ ಸಾಲುವ ಹೊಲ, ಒಂದು ಎಮ್ಮೆ, ಹೆಂಡತಿ ಸುಗಲಾಬಾಯಿ. ಉಂಡುಟ್ಟು ಸುಖವಾಗಿದ್ದ ಮನೆ.

ಆ ಊರಲ್ಲಿ ನವರಾತ್ರಿಯ ಘಟ ಕೂರಿಸುವ ದಿನ ಅಂಬಾಬಾಯಿ ಗುಡಿಯ ದೀಪವನ್ನು ತುಳಜಾಪುರದಿಂದ ತಂದ ಬೆಂಕಿಯಿಂದಲೇ ಹೊತ್ತಿಸಬೇಕು. ಹುಡುಗರು ಟ್ರಕ್ಕು ಮಾಡಿಕೊಂಡು ಹೋಗಿ, ತಾಯಿಯ ಗುಡಿಯಲ್ಲಿ ದೀವಟಿಗೆ ಹೊತ್ತಿಸಿಕೊಂಡು, ಕೈಯಿಂದ ಕೈಗೆ ದಾಟಿಸುತ್ತ, "ಉದೋ ಉದೋ" ಎನ್ನುತ್ತ ಬರಿಗಾಲಲ್ಲಿ ಓಡಿ ತರುತ್ತಾರೆ. ಜ್ಯೋತಿ ನೆಲಕ್ಕೆ ತಾಗಬಾರದು, ದಾರಿಯಲ್ಲಿ ಆರಬಾರದು. ಓಡುವವರು ಯಾವಾಗಲೂ ಜೋಡಿ. ಒಬ್ಬನ ಕೈಯಲ್ಲಿ ದೀವಟಿಗೆ, ಇನ್ನೊಬ್ಬನ ಕೈಯಲ್ಲಿ ಎಣ್ಣೆಯ ಡಬ್ಬಿ. ಊರು ಮುಟ್ಟಿದ ಮೇಲೆ ಪೂಜಾರಿ ಬಸಯ್ಯನವರು ಗುಡಿಯ ಹೊಸ್ತಿಲಲ್ಲಿ ಅಡ್ಡ ನಿಂತು ಪ್ರತಿ ಜೋಡಿಯನ್ನೂ ಕೇಳುತ್ತಾರೆ: "ತಾಯಿ ಹಾದ್ಯಾಗ ಕಣ್ಣ ಮುಚ್ಚಿದ್ಳೇನು?" ಜ್ಯೋತಿ ಆರಿತೇ ಎಂದು ಬಾಯಿಬಿಟ್ಟು ಕೇಳುವುದು ಅಪಶಕುನ, ಅದಕ್ಕೇ ಈ ಮಾತು. "ಇಲ್ಲ, ಕಣ್ಣ ತಗದ ಬಂದಾಳ" ಎನ್ನಬೇಕು. ಆದರೆ ಯಾರೂ ತನ್ನ ಬಗ್ಗೆ ತಾನು ಹೇಳುವಂತಿಲ್ಲ. ಇವನ ಕೈಯಲ್ಲಿ ಏನಾಯಿತೆಂದು ಜೊತೆಗಾರ ಹೇಳಬೇಕು, ಜೊತೆಗಾರನದನ್ನು ಇವನು ಹೇಳಬೇಕು. ಹಿಂದಿನವರು ಮಾಡಿಟ್ಟ ಪದ್ಧತಿ.

ಎಪ್ಪತ್ನಾಲ್ಕರ ನವರಾತ್ರಿಯಲ್ಲಿ ಗೊಲ್ಲಾಳಪ್ಪನ ಜೊತೆಗಾರ ನಿಂಗಣ್ಣ. ಸೊಲ್ಲಾಪುರದ ಈಚೆ ನಿಂಗಣ್ಣನ ಕಾಲಿಗೆ ಮುಳ್ಳು ನೆಟ್ಟು ಅವನು ಹಿಂದೆ ಕುಳಿತ. ಗೊಲ್ಲಾಳಪ್ಪ ದೀವಟಿಗೆ ಹಿಡಿದು ಒಬ್ಬನೇ ಮುಂದೆ ಹೋದ. ಎದುರಿನಿಂದ ಉಳ್ಳಾಗಡ್ಡಿ ತುಂಬಿದ ಲಾರಿ ಭರ್ರೆಂದು ಬಂದು ಪಕ್ಕಕ್ಕೇ ಹಾದುಹೋಯಿತು. ಆ ಗಾಳಿಗೆ ಜ್ಯೋತಿ ಆರಿತು. ಕುಂಟುತ್ತ ಬಂದ ನಿಂಗಣ್ಣ ನೋಡಿದ, ಬೀಡಿಯ ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದು ಗೀರಿ ಹಚ್ಚಿದ.

"ಯಾರು ನೋಡ್ಯಾರ? ನಡೀ."

ಇಬ್ಬರೂ ಓಡಿದರು. ಗುಡಿಯ ಮುಂದೆ ಬಸಯ್ಯನವರು ಕೇಳಿದಾಗ ನಿಂಗಣ್ಣ ಗಟ್ಟಿಯಾಗಿ, "ಗೊಲ್ಲಾಳಪ್ಪನ ಕೈಯಾಗ ಕಣ್ಣ ತಗದ ಬಂದಾಳ್ರಿ" ಎಂದ. ಈಗ ಗೊಲ್ಲಾಳಪ್ಪ ನಿಂಗಣ್ಣನ ಬಗ್ಗೆ ಅದೇ ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಬಾಯಿ ತೆರೆದರೆ ಬೇರೆಯೇ ಮಾತು ಬಂತು.

"ನಿಂಗಣ್ಣನ ಕೈಯಾಗ ಮುಚ್ಚಿಲ್ರಿ ಅಯ್ಯಾರ. ನನ್ನ ಕೈಯಾಗ ಮುಚ್ಚಿದ್ಳು."

ಊರವರು ಯಾರೂ ನೋಡಿರದ ಸಂಗತಿಯನ್ನು ತಾನೇ ಹೇಳಿ ಕೈ ತೊಳೆದುಕೊಂಡೆ ಎಂದುಕೊಂಡ ಪುಣ್ಯಾತ್ಮ. ಊರು ಸುಮ್ಮನೆ ಬಿಡಬೇಕಲ್ಲ. ಅವನ ಮಾತನ್ನು ಅಲ್ಲೇ, ನಿಂತ ನಿಲುವಿನಲ್ಲೇ ನಂಬಿತು. ಜ್ಯೋತಿಯನ್ನು ಹಿಂದಿನ ಬಾವಿಯ ನೀರಿಗೆ ಅದ್ದಿದರು. ಕಣ್ಣು ಮುಚ್ಚಿದ ಜ್ಯೋತಿ ಗುಡಿಯಲ್ಲಾಗಲಿ ಮನೆಯಲ್ಲಾಗಲಿ ಉರಿಯಬಾರದು, ಉರಿದರೆ ಅದು ಇದ್ದ ಮನೆಗೆ ಕೇಡು ಎಂಬುದು ಅಲ್ಲಿಯ ನಂಬಿಕೆ. ಆ ವರ್ಷದ ಘಟದ ದೀಪ ಬಸಯ್ಯನವರ ಮನೆಯ ಒಲೆಯ ಬೆಂಕಿಯಿಂದ ಹೊತ್ತಿತು.

ದೀಪಾವಳಿ ಕಳೆಯುತ್ತಲೇ ದನಗಳಿಗೆ ಗಂಟಲಬೇನೆ ಬಂತು. ಶಾಂತಲಿಂಗಪ್ಪ ಪಾಟೀಲರ ಖಿಲಾರಿ ಎತ್ತಿನ ಜೋಡಿ ಒಂದೇ ವಾರದಲ್ಲಿ ಕೊಟ್ಟಿಗೆಯಲ್ಲಿ ಉರುಳಿತು. ಇನ್ನು ಕೇಳಬೇಕೆ? ಗೊಲ್ಲಾಳ್ಯಾ ತಾಯಿಯ ಕಣ್ಣು ಮುಚ್ಚಿಸಿದ, ತಾಯಿ ಊರಿನ ಕಣ್ಣೀರು ಹರಿಸಿದಳು ಎಂದು ಕಟ್ಟೆ ಕಟ್ಟೆಯಲ್ಲೂ ಅದೇ ಮಾತಾಯಿತು. ಅವನ ಎಮ್ಮೆಯೂ ಅದೇ ಬೇನೆಗೆ ಸತ್ತಿತ್ತು, ಅದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಗಂಡಸು ಹೇಗೋ ಹೊಲದಲ್ಲಿ ಮುಖ ಮರೆಸಿಕೊಂಡಾನು. ಹೆಂಗಸಿಗೆ ಬಾವಿಗೆ ಹೋಗದೆ ಗತಿಯಿಲ್ಲ. ಸುಗಲಾಬಾಯಿ ಬಂದರೆ ಉಳಿದವರು ಕೊಡ ಎತ್ತಿಕೊಂಡು ದೂರ ಸರಿಯುತ್ತಿದ್ದರು. ಅವಳು ಸುಡು ಬಿಸಿಲಲ್ಲಿ, ಯಾರೂ ಇಲ್ಲದ ಹೊತ್ತು ನೋಡಿ ನೀರಿಗೆ ಹೋಗತೊಡಗಿದಳು. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಒಬ್ಬರೂ ಕರೆಯಲಿಲ್ಲ. ಗಂಡನಿಗೆ ಒಂದು ಮಾತು ಆಡಿದವಳಲ್ಲ. ಮತ್ತೆ ನವರಾತ್ರಿ ಹತ್ತಿರ ಬಂದಾಗ ಮಾತ್ರ, ಹಿಟ್ಟು ನಾದುತ್ತ, ಮುಖ ಎತ್ತದೆ ಕೇಳಿದಳು.

"ಈ ವರ್ಷರೆ ಗುಡ್ಯಾಗ ನನ್ನ ಉಡಿ ತುಂಬ್ತಾರೇನ್ರಿ?"

ಘಟ ಕೂತ ದಿನ ಊರಿನ ಮುತ್ತೈದೆಯರಿಗೆಲ್ಲ ತಾಯಿಯ ಮುಂದೆ ಅಕ್ಕಿ, ಉತ್ತತ್ತಿ, ಖಣ ಹಾಕಿ ಉಡಿ ತುಂಬುತ್ತಾರೆ. ಬೇಡುತ್ತಿದ್ದದ್ದು ಒಂದು ಹಿಡಿ ಅಕ್ಕಿ. ಆ ಸಂಜೆಯೇ ಗೊಲ್ಲಾಳಪ್ಪ ಪಾಟೀಲರ ವಾಡೆಗೆ ಹೋದ.

"ಪಾಟೀಲ್ರ, ಈ ಸಲ ನಾನೂ ಜ್ಯೋತಿಗಿ ಓಡ್ತೀನ್ರಿ."

ಶಾಂತಲಿಂಗಪ್ಪ ಪಾಟೀಲರು ಅಡಕತ್ತರಿಯಿಂದ ಕಣ್ಣೆತ್ತಲಿಲ್ಲ. "ನಿನ್ನ ಕೈಯಾಗ ಯಾರೂ ಕೊಡಂಗಿಲ್ಲ, ನಿನ್ನ ಕೈಯಿಂದ ಯಾರೂ ತಗೊಳ್ಳಂಗಿಲ್ಲ. ಹ್ಯಾಂಗ ಓಡ್ತೀ?"

"ಹಂಗಾರ ಯಾರ ಕಡಿಂದೂ ತಗೊಳ್ಳೂದಿಲ್ಲ, ಯಾರಿಗೂ ಕೊಡೂದಿಲ್ರಿ. ತುಳಜಾಪುರದಿಂದ ಇಲ್ಲೀತನಕ ನಾನೊಬ್ಬನ ತರ್ತೀನಿ. ತಂದ್ರ ಗುಡ್ಯಾಗ ಹಚ್ಚಾಕ ಬಿಡ್ತೀರೇನ್ರಿ?"

ಪಾಟೀಲರು ಈಗ ತಲೆ ಎತ್ತಿ ನಕ್ಕರು. "ನೀ ಮನಷ್ಯಾನೋ ಕುದರ್ಯೋ? ಹನ್ನೆರಡು ಮಂದಿ ಹುಡುಗರು ಓಡಿದ್ರ ಎದಿ ಒಡಕೊಂತಾರ. ಆತು, ತಾ. ನೋಡೋಣಂತ."

ದೊಡ್ಡವರ ಬಾಯಲ್ಲಿ ಈ 'ನೋಡೋಣ' ಎನ್ನುವುದು ಇಲ್ಲ ಎನ್ನಲು ಬೇಸರವಾದಾಗ ಬರುವ ಮಾತು. ಗೊಲ್ಲಾಳಪ್ಪ ಅದನ್ನು ಆಣೆ ಎಂದು ತಿಳಿದ. ಮನೆಗೆ ಬಂದು ಹೆಂಡತಿಗೆ, "ಪಾಟೀಲ್ರು ಹೂಂ ಅಂದ್ರು. ನಿನ್ನ ಉಡಿ ಅಕ್ಕಿ ಎಲ್ಲೀ ಹೋಗಂಗಿಲ್ಲ" ಎಂದ.

ಅಲ್ಲಿಂದ ಕೋಳಿ ಕೂಗುವ ಮುಂಚೆ ಎದ್ದು ಬದುವಿನ ಮೇಲೆ ಓಡುವ ಅಭ್ಯಾಸ. ಕೈಯಲ್ಲಿ ದೀವಟಿಗೆಯಷ್ಟು ತೂಕದ ಒನಕೆಯ ತುಂಡು. ಊರಿಗೆ ಉಚಿತ ತಮಾಷೆ. "ತಾಯಿ ಕನಸನ್ಯಾಗ ಬಂದು ಒದ್ದಾಳ ಇವಗ" ಎಂದು ಹುಡುಗರು ಹಲ್ಲು ಕಿರಿದರು. ಸುಗಲಾಬಾಯಿ ಒಂದು ಗಡಿಗೆಯ ತಳ ಒಡೆದು, ಗಾಳಿ ತಾಗದಂತೆ ದೀವಟಿಗೆಯ ಸುತ್ತ ಕೂರುವ ಹಾಗೆ ತಂತಿಯಿಂದ ಕಟ್ಟಿಕೊಟ್ಟಳು. ಕುಸುಬಿ ಎಣ್ಣೆಯ ಡಬ್ಬಿಗೆ ಹೆಗಲ ಪಟ್ಟಿ ಹೊಲಿದಳು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿದಳು. ಡಾಂಬರು ರಸ್ತೆ ಬೇಡ, ಅಲ್ಲಿ ಲಾರಿಯ ಗಾಳಿ. ತನ್ನಜ್ಜನ ಕಾಲದವರು ನಡೆಯುತ್ತಿದ್ದ ಬಾಲಾಘಾಟದ ಗುಡ್ಡದ ಕಾಲುದಾರಿಯಲ್ಲಿ ನಳದುರ್ಗದ ಕಡೆಗೆ ಬಂದು, ಬೋರಿ ಹೊಳೆ ದಾಟಿ ಅಕ್ಕಲಕೋಟೆಗೆ ಇಳಿಯುವುದು ಎಂದು ಗೊಲ್ಲಾಳಪ್ಪ ನಿಶ್ಚಯಿಸಿದ. ಎಲ್ಲವನ್ನೂ ಗಂಡ ಹೆಂಡತಿ ಕೂತು ವಿಚಾರ ಮಾಡಿದರು. ಹುಟ್ಟಿದಾಗಿನಿಂದ ಕಂಡ ಒಂದು ಸಂಗತಿ ಮಾತ್ರ ಇಬ್ಬರ ತಲೆಗೂ ಹೊಳೆಯಲಿಲ್ಲ.

ಹುಡುಗರ ಟ್ರಕ್ಕು ಘಟ ಕೂರುವ ಹಿಂದಿನ ದಿನ ಸಂಜೆಗೆ ಹೊರಡುವುದಿತ್ತು. ಗೊಲ್ಲಾಳಪ್ಪ ಎಸ್.ಟಿ. ಬಸ್ಸಿನಲ್ಲಿ ಮೊದಲೇ ಹೋಗಿ, ಅಂದು ಬೆಳಗಿನ ಪೂಜೆಯ ದೀಪದಿಂದಲೇ ದೀವಟಿಗೆ ಹೊತ್ತಿಸಿಕೊಂಡ. ಹೊರಡುವ ಮುಂಚೆ ಕಿಸೆ ಜಾಡಿಸಿ ನೋಡಿದ. ಕಡ್ಡಿಪೆಟ್ಟಿಗೆ ಇರಲಿಲ್ಲ. ಇದ್ದರೆ ಮನಸ್ಸು ಸೋಲುತ್ತದೆ ಎಂದು ಬೇಕೆಂದೇ ಬಿಟ್ಟು ಬಂದಿದ್ದ.

ಮೊದಮೊದಲು ಮೈ ಹೂವಿನಷ್ಟು ಹಗುರವಾಗಿತ್ತು. ಗುಡ್ಡದ ಬೆನ್ನ ಮೇಲೆ ತಂಪು ಬಿಸಿಲು, ಮಳೆಗಾಲದ ಹಸಿರು ಹುಲ್ಲು, ಎಡಬಲಕ್ಕೆ ಕೊಳ್ಳಗಳು. ತಾನೊಬ್ಬನೇ "ಉದೋ ಉದೋ" ಎಂದ. ಎದುರಿನ ಗುಡ್ಡ ತಿರುಗಿ ಅಂದಿತು. ಇಷ್ಟೇನಾ, ಎಂದುಕೊಂಡ. ಒಂದು ಗುಡ್ಡ ಇಳಿದರೆ ಇನ್ನೊಂದು ಏರು ಬಂತು, ಅದರ ಆಚೆ ಮತ್ತೊಂದು. ಕಾಲುದಾರಿ ಅಜ್ಜನ ಕಾಲದಲ್ಲಿ ಇದ್ದಿರಬೇಕು, ಬಸ್ಸು ಬಂದ ಮೇಲೆ ಅಲ್ಲಿ ಯಾರೂ ಕಾಲಿಟ್ಟಿರಲಿಲ್ಲ. ಬಾರಿಕಂಟಿಯ ಮುಳ್ಳು ಪಾದಕ್ಕೆ ನೆಟ್ಟು ಮುರಿಯುತ್ತಿತ್ತು. ಕೂತು ತೆಗೆಯೋಣವೆಂದರೆ ಒಂದೇ ಕೈ.

ನೆತ್ತಿಗೆ ಸೂರ್ಯ ಬರುವ ಹೊತ್ತಿಗೆ ದೀವಟಿಗೆ ಎತ್ತಿಕೊಂಡ ಕೂಸಿನ ಹಾಗೆ ಆಯಿತು. ಇಳಿಸುವಂತಿಲ್ಲ, ನಿಲ್ಲುವಂತಿಲ್ಲ. ಎಣ್ಣೆ ಹಾಕಲು ಅದನ್ನು ಕಂಕುಳಿಗೆ ಸಿಕ್ಕಿಸಿಕೊಳ್ಳಬೇಕು. ಪ್ರತಿ ಸಲವೂ ಕಾದ ಎಣ್ಣೆ ಮುಂಗೈ ಮೇಲೆ ತೊಟ್ಟಿಕ್ಕಿ ಚುರ್ ಎನ್ನುತ್ತಿತ್ತು. ಒಂದು ದಿಬ್ಬದ ಮೇಲೆ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಇವನ ಬೊಗಸೆಗೆ, ಅಂದರೆ ಒಂದು ಅಂಗೈಗೆ, ನೀರು ಹೊಯ್ದ.

"ಬಸ ನಾ ಬಾಬಾ. ಘಳಿಗಿ ಕುಂಡ್ರು," ಎಂದ.

"ಕುಂತ್ರ ಏಳೂದಿಲ್ಲಜ್ಜ," ಎಂದು ಗೊಲ್ಲಾಳಪ್ಪ ಮುಂದೆ ಹೋದ.

ಇಳಿಜಾರಿನ ಉರುಟು ಕಲ್ಲಿನ ಮೇಲೆ ಕಾಲು ಜಾರಿ ಬಿದ್ದದ್ದು ಅಲ್ಲೇ ಆಚೆ. ಎಡಮೊಳಕಾಲು ಒಡೆಯಿತು, ಗದ್ದ ಕಲ್ಲಿಗೆ ಬಡಿಯಿತು, ಬಲಗೈ ಮಾತ್ರ ಮೇಲೆಯೇ ನಿಂತಿತು. ಬಿದ್ದಲ್ಲಿಂದಲೇ ಮೊದಲು ಜ್ಯೋತಿ ನೋಡಿದ, ಆಮೇಲೆ ಮೊಳಕಾಲು ನೋಡಿದ. ಜ್ಯೋತಿ ಇತ್ತು.

ಇಳಿಹೊತ್ತಿಗೆ ಮೋಡ ಕಟ್ಟಿತು. ನವರಾತ್ರಿಯ ಮಳೆ ಹೇಳಿ ಕೇಳಿ ಬರುವುದಲ್ಲ. ಒಂದು ಬಂಡೆಯ ಚಾಚಿನ ಕೆಳಗೆ ನುಗ್ಗಿ, ಗಾಳಿಗೆ ಬೆನ್ನು ಕೊಟ್ಟು, ದೀವಟಿಗೆಯನ್ನು ಎದೆಗೆ ಅವುಚಿಕೊಂಡು ಬಾಗಿ ನಿಂತ. ಮಳೆ ಅಡ್ಡಡ್ಡ ಬಡಿಯಿತು. ಗಡಿಗೆಯ ತುಂಡು ಟಪ್ಪನೆ ಸೀಳಿತು. ಉರಿ ಬಾಗಿ ಬಾಗಿ ಎದೆಯ ಕೂದಲನ್ನು ಸುಟ್ಟಿತು, ಅಂಗಿಯ ಗುಂಡಿಯ ಪಟ್ಟಿಯನ್ನು ಸುಟ್ಟಿತು. ಅವನು ಸರಿಯಲಿಲ್ಲ. ಆ ಹೊತ್ತಿನಲ್ಲಿ ಅವನಿಗೆ ಅಳು ಬಂತು. ಆರಿದರೆ ಆರಲಿ ತಾಯಿ, ಇಲ್ಲೇ ಈ ಬಂಡೆಗೆ ತಲೆ ಚಚ್ಚಿಕೊಳ್ಳುತ್ತೇನೆ, ಮುಗಿದುಹೋಗಲಿ ಎಂದು ಬಾಯಿ ಬಿಟ್ಟು ಅಂದ. ಯಾರಿಗೆ ಕೇಳಬೇಕು ಅಲ್ಲಿ? ಮಳೆ ನಿಂತಿತು. ಬತ್ತಿಯ ತುದಿಯಲ್ಲಿ ಉಗುರಿನಷ್ಟು ನೀಲಿ ಉರಿ ಉಳಿದಿತ್ತು. ಎಣ್ಣೆ ಹನಿಸಿ, ಉಸಿರು ಬಿಗಿಹಿಡಿದು, ಅದನ್ನು ಮತ್ತೆ ದೊಡ್ಡದು ಮಾಡಿದ.

ಬೋರಿ ಹೊಳೆಯಲ್ಲಿ ಎದೆಮಟ್ಟ ಕೆಂಪು ನೀರು. ಒಂದು ಕೈಯನ್ನು ಆಕಾಶಕ್ಕೆ ಎತ್ತಿ, ಇನ್ನೊಂದರಿಂದ ನೀರು ತಳ್ಳುತ್ತ ದಾಟಿದ. ರೊಟ್ಟಿಯ ಗಂಟು ಹೊಳೆಯಲ್ಲಿ ಹೋಯಿತು. ಹೋದರೆ ಹೋಯಿತು, ತಿಂದದ್ದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ.

ರಾತ್ರಿಯದನ್ನು ಏನು ಹೇಳುವುದು. ಗುಡ್ಡ ಮುಗಿದು ಎರೆಭೂಮಿ ಶುರುವಾಗಿತ್ತು. ಒಂದೊಂದು ಪಾದಕ್ಕೂ ಸೇರು ಸೇರು ಮಣ್ಣು ಅಂಟುತ್ತಿತ್ತು. ಹೆಬ್ಬೆರಳಿನ ಉಗುರು ಎಲ್ಲೋ ಕಳಚಿ ಬಿದ್ದಿತ್ತು. ಓಟ ಹೋಗಿ ನಡಿಗೆ, ನಡಿಗೆ ಹೋಗಿ ತೂರಾಟ. ನಡೆಯುತ್ತಲೇ ನಿದ್ದೆ ಹೋಗುತ್ತಿದ್ದ, ಉರಿ ಕೆನ್ನೆಗೆ ತಾಗಿದಾಗ ಎಚ್ಚರಾಗುತ್ತಿದ್ದ. ಪಕ್ಕದಲ್ಲಿ ಸುಗಲಾಬಾಯಿ ಎಣ್ಣೆಯ ಡಬ್ಬಿ ಹಿಡಿದು ಬರುತ್ತಿದ್ದಾಳೆ ಅನ್ನಿಸಿ ಅವಳ ಜೊತೆ ಮಾತಾಡಿದ. ಅವಳು ಇಲ್ಲ ಎಂದು ತಿಳಿದಾಗಲೆಲ್ಲ ಎದೆ ಒಡೆದುಹೋಗುತ್ತಿತ್ತು.

ಅಕ್ಕಲಕೋಟೆ ಬಂದಾಗ ಬೆಳಗಾಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಚಹದಂಗಡಿಯವನು ಕೆಟಲಿ ಅಲ್ಲೇ ಬಿಟ್ಟು ಓಡಿ ಬಂದ.

"ಎಲ್ಲಿಂದ ತಂದ್ರಿ ಜ್ಯೋತಿ?"

"ತುಳಜಾಪುರದಿಂದ್ರಿ."

"ಒಬ್ರೇ?"

"ಒಬ್ಬನ."

ಆ ಮನುಷ್ಯ ಇವನ ರಕ್ತ ಮಣ್ಣು ಕಲೆತ ಪಾದಗಳಿಗೆ ಹಣೆ ಹಚ್ಚಿದ, ಅಂಗಡಿಯ ದೇವರ ಮುಂದಿನ ಎಣ್ಣೆ ತಂದು ಬತ್ತಿಗೆ ಹೊಯ್ದ. ಗೊಲ್ಲಾಳಪ್ಪ ಕೂಸಿನಂತೆ ಅತ್ತ. ಒಂದು ವರ್ಷದಲ್ಲಿ ಅವನನ್ನು ಮನುಷ್ಯ ಎಂದು ಮುಟ್ಟಿದವನು ಅವನೊಬ್ಬನೇ. ಇನ್ನೇನು ಬಂದೇಬಿಟ್ಟೆ, ಉಳಿದ ದಾರಿ ತನ್ನದೇ ಹಾದಿ ಎಂದುಕೊಂಡು ಮತ್ತೆ ಓಡಲು ಹವಣಿಸಿದ.

ಊರ ಅಗಸಿ ಹೊಕ್ಕಾಗ ಹಲಗೆಯ ಸದ್ದು ಕೇಳುತ್ತಿತ್ತು. ಹುಡುಗರ ಜ್ಯೋತಿ ಬೆಳಿಗ್ಗೆಯೇ ಬಂದು ಗುಡಿಯ ಮುಂದೆ ಮುಹೂರ್ತಕ್ಕೆ ಕಾದಿತ್ತು. ಬಿಸಿಲು ನೆತ್ತಿಗೇರುವ ಮುಂಚೆ ಘಟ ಕೂರಬೇಕು. ಇವನು ತೂರಾಡುತ್ತ ಬಂದದ್ದನ್ನು ಕಂಡು ಹಲಗೆ ನಿಂತಿತು. ಜನ ಬಾಯಿ ತೆರೆದು ದಾರಿ ಬಿಟ್ಟರು. ಶಾಂತಲಿಂಗಪ್ಪ ಪಾಟೀಲರು ಕಟ್ಟೆಯ ಮೇಲಿಂದ ಅರ್ಧ ಎದ್ದು ನಿಂತರು. ಗುಡಿಯ ಗೋಡೆಯ ಆಚೆ ಬೇವಿನ ಮರದ ಕೆಳಗೆ ಸುಗಲಾಬಾಯಿ ಹಸಿರು ಸೀರೆಯುಟ್ಟು ಒಬ್ಬಳೇ ನಿಂತಿದ್ದಳು. ಅವಳು ಸೆರಗನ್ನು ಉಡಿಗೆಂದು ಸರಿಮಾಡಿಕೊಂಡದ್ದು ಅವನಿಗೆ ಕಾಣಿಸಿತು.

ಬಸಯ್ಯನವರು ರೂಢಿಯಂತೆ ಹೊಸ್ತಿಲಲ್ಲಿ ಅಡ್ಡ ನಿಂತು ಕೇಳಿದರು:

"ತಾಯಿ ಹಾದ್ಯಾಗ ಕಣ್ಣ ಮುಚ್ಚಿದ್ಳೇನು?"

ಗೊಲ್ಲಾಳಪ್ಪ ಸುಮ್ಮನೆ ನಿಂತ. ಜೊತೆಗಾರ ಹೇಳಲಿ ಎಂದು ಕಾಯುವುದು ಅಷ್ಟು ರೂಢಿಯಾದ ಸಂಗತಿ. ಅವನು ಪಕ್ಕಕ್ಕೆ ತಿರುಗಿ ನೋಡಿದ. ಪಕ್ಕದಲ್ಲಿ ಯಾರೂ ಇರಲಿಲ್ಲ. ಆಗ ತಿಳಿಯಿತು. ಎಣ್ಣೆಯನ್ನು ನೆನೆದಿದ್ದ, ಗಾಳಿಯನ್ನು ನೆನೆದಿದ್ದ, ಕಾಲನ್ನು ಪಳಗಿಸಿದ್ದ. ಈ ಪ್ರಶ್ನೆಯನ್ನು ನೆನೆದಿರಲಿಲ್ಲ. ಲಾರಿಯ ಗಾಳಿಗೆ ಹೆದರಿ ಯಾರೂ ಇಲ್ಲದ ಗುಡ್ಡವನ್ನು ಹುಡುಕಿಕೊಂಡು ಹೋಗಿದ್ದ.

"ಇಲ್ರಿ ಅಯ್ಯಾರ. ಕಣ್ಣ ತಗದ ಬಂದಾಳ," ಎಂದ.

"ನಿಂದು ನೀ ಹೇಳಂಗಿಲ್ಲೋ ತಮ್ಮಾ," ಎಂದರು ಬಸಯ್ಯನವರು. ಅವರ ದನಿ ಒರಟಾಗಿರಲಿಲ್ಲ, ಅದೇ ಹೆಚ್ಚು ನೋಯಿಸಿತು. "ನಿನ್ನ ಜೋಡಿ ಯಾರು?"

"ಗುಡ್ಡದಾಗ ಕುರಿ ಕಾಯೋ ಅಜ್ಜ ನೋಡ್ಯಾನ್ರಿ. ಅಕ್ಕಲಕೋಟ್ಯಾಗ ಚಾದಂಗಡಿಯಾಂವ ಎಣ್ಣಿ ಹೊಯ್ದಾನ."

ಪಾಟೀಲರು ಕಟ್ಟೆಯಿಂದ ಇಳಿದು ಬಂದರು. "ಅವ್ರೇನು ನಿನ್ನ ಜೋಡಿ ಓಡ್ಯಾರೇನ? ನಡುವ ಆರಿದ್ರ ಅವ್ರಿಗೇನ ಗೊತ್ತು? ಕಡ್ಡಿಪೆಟ್ಟಿಗಿ ಎಲ್ಲಾ ಹಳ್ಳ್ಯಾಗೂ ಸಿಗತದ."

ಗೊಲ್ಲಾಳಪ್ಪ ಬಲಗೈ ಚಾಚಿ ಸುಟ್ಟ ಬೊಬ್ಬೆಗಳನ್ನು ತೋರಿಸಿದ, ಅಂಗಿ ಸರಿಸಿ ಎದೆ ತೋರಿಸಿದ. ಆಮೇಲೆ, ಆ ಊರಿನಲ್ಲಿ ಅವನು ಗಟ್ಟಿಯಾಗಿ ಆಡಿದ ಕೊನೆಯ ಮಾತು ಅದು, ಕೇಳಿದ.

"ಹ್ವಾದ ವರ್ಷ ಯಾರು ನೋಡಿದ್ರಿ ಪಾಟೀಲ್ರ? ಆರಿದ್ದು ನಾನೊಬ್ಬನ ಹೇಳಿದ್ದೆ. ಜೋಡಿದಾಂವ ಇಲ್ಲ ಅಂದ್ರೂ ನನ್ನ ಮಾತ ನಂಬಿದ್ರಿ. ಈ ವರ್ಷ ಯಾಕ ನಂಬೂದಿಲ್ಲ?"

"ತನ್ನ ಮೈಮ್ಯಾಲ ತಾನ ತಪ್ಪ ಹಾಕ್ಕೊಂಡ್ರ ಯಾರರೆ ಸಾಕ್ಷಿ ಕೇಳ್ತಾರೇನೋ?" ಎಂದರು ಪಾಟೀಲರು. "ಇನ್ನೊಂದು ವರ್ಷ ದನ ಸಾಯೂದು ನಮಗ ನೀಗಂಗಿಲ್ಲ. ಅಯ್ಯಾರ, ಹೊತ್ತಾತು. ಹುಡುಗರ ಜ್ಯೋತಿ ಹಚ್ರಿ."

ಹುಡುಗರ ಜ್ಯೋತಿ ಒಳಗೆ ಹೋಯಿತು. ಹಲಗೆ ಮತ್ತೆ ಬಡಿಯಿತು, "ಉದೋ ಉದೋ" ಎದ್ದಿತು, ಹೆಂಗಸರು ಉಡಿ ಹಿಡಿದು ಸಾಲು ನಿಂತರು. ಅಂಗಳದ ನಡುವೆ ಗೊಲ್ಲಾಳಪ್ಪ ಉರಿಯುವ ದೀವಟಿಗೆ ಹಿಡಿದು ನಿಂತೇ ಇದ್ದ. ಹೋಗು ಎಂದು ಯಾರೂ ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಬೇವಿನ ಮರದ ಕೆಳಗೆ ಈಗ ಯಾರೂ ಇರಲಿಲ್ಲ.

ಓಣಿಯಲ್ಲಿ ನಿಂಗಣ್ಣ ಹಿಂದಿನಿಂದ ಬಂದು ಕೂಡಿಕೊಂಡ. ಅತ್ತಿತ್ತ ನೋಡಿ, ಸಮಾಧಾನ ಮಾಡುವವನ ಹಾಗೆ ತಗ್ಗಿದ ದನಿಯಲ್ಲಿ ಹೇಳಿದ.

"ಮನಸ್ಸಿಗಿ ಹಚ್ಕೋಬ್ಯಾಡೋ. ಈ ವರ್ಷ ನಮ್ದೂ ಎರಡು ಸಲ ಆರಿತ್ತು. ಘಾಟಿನಾಗ ಒಮ್ಮಿ, ಸೊಲ್ಲಾಪುರದಾಗ ಒಮ್ಮಿ. ಎಲ್ಲಾರದೂ ಆರ್ತದ, ಎಲ್ಲಾರೂ ಹಚ್ಕೊಂತಾರ. ನೀ ಒಬ್ಬ ಹುಚ್ಚ, ಹ್ವಾದ ವರ್ಷ ಬಾಯಿ ಬಿಟ್ಟಿ."

ಗೊಲ್ಲಾಳಪ್ಪ ಅವನ ಮುಖ ನೋಡಿದ. ಹನ್ನೆರಡು ಮಂದಿ ಒಬ್ಬರಿಗೊಬ್ಬರು ಸಾಕ್ಷಿ ಹೇಳಿ ತಂದ ಬೆಂಕಿ ಗುಡಿಯಲ್ಲಿ ಉರಿಯುತ್ತಿತ್ತು.

ಮನೆಯಲ್ಲಿ ಸುಗಲಾಬಾಯಿ ಮೊದಲೇ ಬಂದು ನೀರು ಕಾಯಿಸಿದ್ದಳು. ಹಸಿರು ಸೀರೆ ಬಿಚ್ಚಿ ಹಳೆಯದು ಉಟ್ಟಿದ್ದಳು. ಅವನು ದೀವಟಿಗೆಯನ್ನು ಪಡಸಾಲೆಯ ಕಂಬದ ಕೊಂಡಿಗೆ ಸಿಕ್ಕಿಸಿ, ಗೋಡೆಗೆ ಒರಗಿ ಕುಸಿದ. ಅವಳು ಅವನ ಪಾದಗಳನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಬಿಸಿನೀರಲ್ಲಿ ಅರಿವೆ ಅದ್ದಿ ಮಣ್ಣು ಬಿಡಿಸತೊಡಗಿದಳು. ಉಗುರು ಹೋದ ಹೆಬ್ಬೆರಳು ಕಂಡು ಬಾಯಿಗೆ ಸೆರಗು ಒತ್ತಿಕೊಂಡಳು. ಆದರೆ ಅವಳ ಕಣ್ಣು ಮತ್ತೆ ಮತ್ತೆ ಕಂಬದ ಕಡೆ ಹೋಗುತ್ತಿತ್ತು. ಉರಿ ಅಲುಗಿದರೆ ಅವಳ ಕೈ ನಿಲ್ಲುತ್ತಿತ್ತು. ಬಹಳ ಹೊತ್ತು ತಡೆದು, ತಡೆಯಲಾರದೆ ಕೇಳಿದಳು.

"ಸಿಟ್ಟಾಗಬ್ಯಾಡ್ರಿ. ನನ್ನ ಮುಂದರೆ ಖರೇ ಹೇಳ್ರಿ. ತಾಯಿ ಹಾದ್ಯಾಗ ಕಣ್ಣ ಮುಚ್ಚಿದ್ಳೇನು?"

ಗಡಿಗೆಯ ತಳ ಒಡೆದು ಕಟ್ಟಿಕೊಟ್ಟವಳು ಇವಳೇ. ಗೊಲ್ಲಾಳಪ್ಪನಿಗೆ ಸಿಟ್ಟು ಬರಲಿಲ್ಲ. ಅವಳ ಮುಖದಲ್ಲಿ ಇದ್ದದ್ದು ಅನುಮಾನಕ್ಕಿಂತ ಹೆಚ್ಚಾಗಿ ಭಯ. ಒಂದು ವರ್ಷ ಬಾವಿಯ ದಾರಿಯಲ್ಲಿ ತಿಂದ ಭಯ. ಇಲ್ಲ ಎಂದರೆ ಅವಳು ಹೂಂ ಎನ್ನುತ್ತಾಳೆ, ಆಮೇಲೆ ಎತ್ತು ಕೆಮ್ಮಿದರೂ ನೆರೆಮನೆಯ ಕೂಸು ಅತ್ತರೂ ಆ ಕಂಬವನ್ನೇ ನೋಡುತ್ತಾಳೆ. ರಾತ್ರಿ ಎದ್ದು ಕೂತು ಈ ಉರಿಯನ್ನು ಕಾಯುತ್ತಾಳೆ. ಅವನಿಗೆ ಇನ್ನು ಓಡುವ ಶಕ್ತಿ ಇರಲಿಲ್ಲ.

"ಹೂಂ," ಎಂದ. "ಮುಚ್ಚಿದ್ಳು. ಮಳ್ಯಾಗ, ಗುಡ್ಡದ ಮ್ಯಾಲ."

ಸುಗಲಾಬಾಯಿ ತಕ್ಷಣ ನಂಬಿದಳು. ಎಷ್ಟೋ ತಿಂಗಳ ಮೇಲೆ ಅವಳ ಮುಖದ ಬಿಗಿ ಸಡಿಲಿತು. "ನನಗ ಅನಸೇ ಇತ್ರಿ. ಅಷ್ಟ ದೂರ, ಒಬ್ರ, ಯಾರ್ದ ಆರಂಗಿಲ್ಲ ಹೇಳ್ರಿ," ಎಂದು ಅವನ ತಲೆ ಸವರಿದಳು. "ಹೇಳಿ ಚಲೋ ಮಾಡಿದ್ರಿ. ಮನ್ಯಾಗ ಇಡಬಾರದಲ್ಲ ಅದನ್ನ."

ಅವಳು ಎದ್ದು ಕಂಬದಿಂದ ದೀವಟಿಗೆಯನ್ನು ಎರಡೂ ಕೈಯಲ್ಲಿ ಬಿಡಿಸಿಕೊಂಡು ಹಿತ್ತಿಲಿಗೆ ಹೋದಳು. ದನದ ನೀರಿನ ದೋಣಿಯಲ್ಲಿ ಅದ್ದಿದ ಚೊಂಯ್ ಸದ್ದು ಒಳಗೆ ಅವನಿಗೆ ಕೇಳಿಸಿತು. ತುಳಜಾಪುರ ಬಿಟ್ಟ ಮೇಲೆ ಜ್ಯೋತಿ ಆರಿದ್ದು ಅದೇ ಮೊದಲು.